ಬಿದಿರಿನ ಬುಟ್ಟಿಯಂಥ ಕಟ್ಟಡ

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ಯೋನಾ ಫ್ರೀಡ್‌ಮನ್ ಬಗ್ಗೆ ಬಂದ ಲೇಖನ ಓದಿ ನೀವು ಕೇಳಿದ್ದೀರಿ: "ಕಟ್ಟಿದ್ದು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಪುಸ್ತಕ, ಮಕ್ಕಳು ಬರೆದಂಥ ಚಿತ್ರ. ಇವರನ್ನು ವಾಸ್ತುಶಿಲ್ಪಿ ಅನ್ನಬಹುದಾ?" ಅನ್ನಬಹುದು. ಯಾಕೆ ಅಂತ ಲೇಖನದಲ್ಲೇ ಹೇಳಬೇಕಿತ್ತು, ಆ ಕೊರತೆ ನಮ್ಮದು.

ಅವರು ಹುಟ್ಟಿದ್ದು 1923ರಲ್ಲಿ, ಹಂಗೇರಿಯ ಬುಡಾಪೆಸ್ಟ್‌ನ ಯಹೂದಿ ಮನೆಯಲ್ಲಿ. ನಾಜಿಗಳ ಕೈಯಿಂದ ಪಾರಾಗಿ, ಯುದ್ಧ ಮುಗಿದ ಮೇಲೆ ದೇಶ ಬಿಟ್ಟರು. ಈಗಿನ ಇಸ್ರೇಲಿನ ಹೈಫಾದಲ್ಲಿ ಓದು ಮುಗಿಸಿ ಕೆಲಸ ಮಾಡಿದರು. 1957ರಿಂದ ಪ್ಯಾರಿಸ್ಸೇ ಊರಾಯಿತು.

ಆಗಿನ ದೊಡ್ಡ ವಾಸ್ತುಶಿಲ್ಪಿಗಳು 'ಸರಾಸರಿ ಮನುಷ್ಯ'ನಿಗೆ ಮನೆ ಮಾಡುತ್ತಿದ್ದರು. ಅಂಥ ಮನುಷ್ಯ ಎಲ್ಲೂ ಇಲ್ಲ ಅಂದರು ಫ್ರೀಡ್‌ಮನ್. ಬದುಕು ಬದಲಾಗುತ್ತೆ, ಮಗು ಹುಟ್ಟುತ್ತೆ, ಹಿರಿಯರು ಜೊತೆಗೆ ಬರ್ತಾರೆ. ಗೋಡೆ ಮಾತ್ರ ಯಾಕೆ ಅಲ್ಲೇ ನಿಂತಿರಬೇಕು? 1956ರಲ್ಲಿ ಡುಬ್ರೊವ್ನಿಕ್‌ನ ವಾಸ್ತುಶಿಲ್ಪಿಗಳ ಸಮಾವೇಶದಲ್ಲಿ ಈ ಮಾತು ಎತ್ತಿದರು. 1958ರಲ್ಲಿ ಅದನ್ನೇ 'ಚಲಿಸುವ ವಾಸ್ತುಶಿಲ್ಪ' ಎಂಬ ಪ್ರಣಾಳಿಕೆಯಾಗಿ ಬರೆದರು. ಅವರ ಕಲ್ಪನೆಯ ಊರು ಹೀಗಿತ್ತು: ಇದ್ದ ಊರನ್ನು ಕೆಡವದೆ, ಅದರ ಮೇಲೆ ಕಂಬಗಳ ಮೇಲೊಂದು ದೊಡ್ಡ ಚೌಕಟ್ಟು. ಅದರೊಳಗೆ ಯಾರ ಮನೆ ಎಲ್ಲಿ, ಹೇಗೆ ಅಂತ ಇರುವವರೇ ತೀರ್ಮಾನಿಸಬೇಕು. ವಾಸ್ತುಶಿಲ್ಪಿಯ ಕೆಲಸ ಅವರಿಗೆ ದಾರಿ ತಿಳಿಸೋದು, ಅಷ್ಟೇ. ಅಡುಗೆಮನೆ ಎಲ್ಲಿರಬೇಕು ಅಂತ ಅಲ್ಲಿ ದಿನಾ ನಿಲ್ಲುವವರನ್ನು ಕೇಳಬೇಕು, ಅಲ್ವಾ? ನನಗೆ ಅವರು ಇಷ್ಟವಾಗೋದು ಇಲ್ಲಿಯೇ.

ಈ ದೊಡ್ಡ ಊರು ಕಾಗದದಲ್ಲೇ ಉಳಿಯಿತು, ನಿಜ. ಆದರೆ ಫ್ರಾನ್ಸಿನ ಆಂಜೆ ಊರಿನ ಶಾಲೆಯೊಂದನ್ನು ನೋಡಿ. ಅದರ ನಕ್ಷೆಯನ್ನು ಅಲ್ಲಿನ ಬಳಕೆದಾರರೇ ಕೂತು ರೂಪಿಸಿದರು. ಹೇಗೆ ಯೋಚಿಸಬೇಕು ಅನ್ನೋದಕ್ಕೆ ಫ್ರೀಡ್‌ಮನ್ ಕೊಟ್ಟದ್ದು ಚಿತ್ರಕಥೆಯಂಥ ಸುಲಭದ ಕೈಪಿಡಿ.

ಮಕ್ಕಳ ಚಿತ್ರ ಅಂತ ನೀವು ಹೇಳಿದ್ದು ಇದನ್ನೇ. ಆ ಗೆರೆಗಳು ಅಷ್ಟು ಸರಳವಾಗಿರುವುದು ಬೇಕಂತಲೇ. ಓದು ಬಾರದವರಿಗೂ ಮುಟ್ಟಲಿ ಅಂತ ನೀರು, ಊಟ, ಸೂರು ಕುರಿತ ಇಂಥ ಹಾಳೆಗಳನ್ನು ಅವರು ತುಂಬಾ ಮಾಡಿದರು. ಅವು ಭಾರತಕ್ಕೂ ಬಂದವು. 1980ರ ದಶಕದಲ್ಲಿ ಮದರಾಸಿನಲ್ಲಿ ಅವರ 'ಸರಳ ತಂತ್ರಜ್ಞಾನ ಸಂಗ್ರಹಾಲಯ' ಎದ್ದಿತು. ಸ್ಥಳೀಯರ ಕೈಕೆಲಸ, ಬಿದಿರು, ಬುಟ್ಟಿ ಹೆಣೆಯುವ ರೀತಿಯಲ್ಲೇ ಹೆಣೆದ ಗುಮ್ಮಟಗಳು.

2020ರಲ್ಲಿ, 96ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆ ಚಿತ್ರಹಾಳೆಗಳಲ್ಲಿ ಕೆಲವನ್ನಾದರೂ ಮುಂದೆ ಪ್ರಕಟಿಸುವ ಆಸೆ ನಮಗಿದೆ, ಅನುಮತಿಗೆ ಬರೆಯುತ್ತಿದ್ದೇವೆ.

ಸಂಪಾದಕ