ಗಲಾಟೆಯ ನಡುವೆಯೂ ಕೋಲು ಕೆಳಗಿಡದವರು

ಓದುಗರ ಪತ್ರ: ಹೋದ ಸಂಚಿಕೆಯಲ್ಲಿ 1913ರಲ್ಲಿ ಪ್ಯಾರಿಸ್‌ನಲ್ಲಿ ‘ದಿ ರೈಟ್ ಆಫ್ ಸ್ಪ್ರಿಂಗ್’ ಬ್ಯಾಲೆಯ ಮೊದಲ ಪ್ರದರ್ಶನದಲ್ಲಾದ ಗಲಾಟೆಯ ಬಗ್ಗೆ ಬರೆದಿದ್ದಿರಿ. ಸಂಗೀತ ಬರೆದ ಸ್ಟ್ರಾವಿನ್‌ಸ್ಕಿ, ಕುಣಿತ ಹೆಣೆದ ನಿಜಿನ್‌ಸ್ಕಿ, ಇಬ್ಬರ ಹೆಸರೂ ಇತ್ತು. ಜನ ಕೂಗಾಡಿದರೂ ಆರ್ಕೆಸ್ಟ್ರಾ ನಿಲ್ಲಲಿಲ್ಲ ಎಂದಿರಿ. ಅದನ್ನು ನಡೆಸಿದವರು ಯಾರು? ಅಷ್ಟಕ್ಕೂ, ಯಾವ ವಾದ್ಯವನ್ನೂ ನುಡಿಸದೆ ಕೋಲು ಆಡಿಸುವವರಿಗೆ ಅಲ್ಲಿ ಏನು ಕೆಲಸ?
– ಒಬ್ಬ ನಿವೃತ್ತ ಮೇಷ್ಟ್ರು, ಶಿವಮೊಗ್ಗ

ಸಂಪಾದಕರ ಉತ್ತರ:

ಮೇಷ್ಟ್ರೇ, ಆ ಹೆಸರನ್ನು ನಾವು ಬಿಡಬಾರದಿತ್ತು. ಅವರು ಪಿಯೆರ್ ಮೊಂತ್ಯೂ. ಹುಟ್ಟಿದ್ದು 1875ರಲ್ಲಿ, ಪ್ಯಾರಿಸ್‌ನಲ್ಲೇ. ಆರನೇ ವಯಸ್ಸಿಗೆ ಪಿಟೀಲು ಹಿಡಿದರು. ಒಂಬತ್ತಕ್ಕೆ ಅಲ್ಲಿನ ಹೆಸರಾಂತ ಸಂಗೀತ ಶಾಲೆ ಕನ್ಸರ್ವೇಟರಿಗೆ ಸೇರಿದರು. ಆಮೇಲೆ ವಯೋಲಾ ಕಡೆ ತಿರುಗಿದರು. ಅದು ಪಿಟೀಲಿಗಿಂತ ತುಸು ದೊಡ್ಡದು, ದನಿ ತುಸು ತಗ್ಗು. ಮೇಳದ ನಡುವೆ ಕೂತು ಮೇಲಿನ ದನಿಗೂ ಕೆಳಗಿನ ದನಿಗೂ ಕಿವಿಗೊಡಬೇಕಾದ ಜಾಗ. 1902ರಲ್ಲಿ ಫ್ರೆಂಚ್ ಸಂಗೀತಕಾರ ದೆಬ್ಯುಸಿಯ ಆಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ‘ಪೆಲೆಯಾಸ್ ಎ ಮೆಲಿಸಾಂದ್’ ಮೊದಲ ಸಲ ರಂಗಕ್ಕೆ ಬಂದಾಗ ವಯೋಲಾ ಸಾಲಿನ ಮುಂದೆ ಕೂತಿದ್ದವರು ಇವರೇ. ಹೀಗೆ ಒಳಗೆ ಕೂತು ಕಲಿತದ್ದೇ ಮುಂದೆ ಅವರ ಕೈಹಿಡಿಯಿತು ಅಂತ ನನಗೆ ಅನಿಸುತ್ತದೆ.

ಕಂಡಕ್ಟರ್‌ಗೆ, ಅಂದರೆ ಕೋಲು ಹಿಡಿದು ಮೇಳ ನಡೆಸುವವರಿಗೆ, ಏನು ಕೆಲಸ ಅಂತ ಕೇಳಿದ್ದೀರಿ. ಆ ಗಲಾಟೆಯ ಕೃತಿಯನ್ನೇ ತೆಗೆದುಕೊಳ್ಳಿ, ‘ದಿ ರೈಟ್ ಆಫ್ ಸ್ಪ್ರಿಂಗ್’. ಸುಮಾರು ನೂರು ಜನ ವಾದ್ಯಗಾರರು. ನಮ್ಮ ತಾಳದ ಹಾಗೆ ಒಂದೇ ಆವರ್ತ ಮರಳಿ ಮರಳಿ ಬರುವುದಿಲ್ಲ. ಎಷ್ಟೋ ಕಡೆ ಸಾಲುಸಾಲಿಗೂ ಎಣಿಕೆ ಬದಲಾಗುತ್ತದೆ. ಒಬ್ಬರು ಒಂದು ಎಣಿಕೆ ತಪ್ಪಿದರೂ ಪಕ್ಕದವರು ಜೊತೆಗೇ ಬೀಳುತ್ತಾರೆ. ಎಲ್ಲರನ್ನೂ ಒಂದೇ ಎಣಿಕೆಯಲ್ಲಿ ಹಿಡಿದಿಡುವುದೇ ಆ ಕೋಲಿನ ಕೆಲಸ. ಮೊಂತ್ಯೂ ಅದಕ್ಕಾಗಿ 17 ರಿಹರ್ಸಲ್ ಮಾಡಿಸಿದರು. ಬರೆದಿರುವ ಸ್ವರಗಳು ಸರಿಯೇ ಅಂತ ವಾದ್ಯಗಾರರಿಗೇ ಅನುಮಾನ ಬಂದಿತ್ತು.

ಮೇ 29ರ ರಾತ್ರಿ ಶಾಂಜೆಲಿಜೆ ಥಿಯೇಟರಿನಲ್ಲಿ ಜನರ ಕೂಗಿಗೆ ಕುಣಿಯುವವರಿಗೆ ಸಂಗೀತವೇ ಕೇಳಿಸದಂತಾಯಿತು. ನಿಜಿನ್‌ಸ್ಕಿ ಪರದೆಯ ಮರೆಯಲ್ಲಿ ಕುರ್ಚಿ ಹತ್ತಿ ನಿಂತು ಎಣಿಕೆ ಕೂಗುತ್ತಿದ್ದರು. ಮೊಂತ್ಯೂ ಹಿಂದೆ ತಿರುಗಿ ನೋಡಲಿಲ್ಲ. ಕೊನೆಯ ಸ್ವರದವರೆಗೂ ನಡೆಸಿದರು. ಮೊಸಳೆಯ ಹಾಗೆ ಅಲುಗದೆ ನಿಂತಿದ್ದರು ಅಂತ ಸ್ಟ್ರಾವಿನ್‌ಸ್ಕಿ ಆಮೇಲೆ ನೆನೆದಿದ್ದಾರೆ.

ನನ್ನನ್ನು ಜಾಸ್ತಿ ಕಾಡುವುದು ಬೇರೆ ಸಂಗತಿ. ಆ ಸಂಗೀತ ಮೊಂತ್ಯೂಗೆ ಇಷ್ಟವೇ ಇರಲಿಲ್ಲ! ಸ್ಟ್ರಾವಿನ್‌ಸ್ಕಿ ಮೊದಲ ಸಲ ಪಿಯಾನೋದಲ್ಲಿ ನುಡಿಸಿ ತೋರಿಸಿದಾಗ ಅವರಿಗೆ ಏನೂ ಅರ್ಥವಾಗಲಿಲ್ಲ. ಅವರ ಮನಸ್ಸು ಇದ್ದದ್ದು ಹಿಂದಿನ ಶತಮಾನದ ಜರ್ಮನ್ ಸಂಗೀತಕಾರ ಬ್ರಾಮ್ಸ್ ಕಡೆ. ಮುಪ್ಪಿನಲ್ಲೂ ಆ ಮಾತು ಬದಲಿಸಲಿಲ್ಲ. ಆದರೂ ಬರೆದವನ ಒಂದು ಸ್ವರವೂ ಕೆಡದಂತೆ ಅಷ್ಟು ಶ್ರದ್ಧೆಯಿಂದ ನುಡಿಸಿದರು. ಮರುವರ್ಷ ಏಪ್ರಿಲ್‌ನಲ್ಲಿ, ಕುಣಿತವಿಲ್ಲದೆ ಬರೀ ಸಂಗೀತವಾಗಿ, ಅದೇ ಪ್ಯಾರಿಸ್‌ನಲ್ಲಿ ಮತ್ತೆ ನಡೆಸಿದವರೂ ಅವರೇ. ಆ ಸಲ ಜನ ಸ್ಟ್ರಾವಿನ್‌ಸ್ಕಿಯನ್ನು ಹೆಗಲ ಮೇಲೆ ಹೊತ್ತು ಬೀದಿಗೆ ಬಂದರು.

ಆಮೇಲೆ ಯುದ್ಧ ಬಂತು, ಸೈನ್ಯಕ್ಕೆ ಹೋದರು. 1916ರಲ್ಲಿ ಅದೇ ಬ್ಯಾಲೆ ತಂಡದ ಜೊತೆ ಅಮೆರಿಕ. 1919ರಿಂದ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ. ಮರುವರ್ಷವೇ ಅಲ್ಲಿ ಯೂನಿಯನ್ ವಿಷಯಕ್ಕೆ ಮುಷ್ಕರವಾಗಿ ಮೂವತ್ತರಷ್ಟು ವಾದ್ಯಗಾರರು ಹೊರಟುಹೋದರು. ಮೊಂತ್ಯೂ ಹೊಸಬರನ್ನು ತಂದು ಮೇಳವನ್ನು ಮತ್ತೆ ಕಟ್ಟಿದರು. 1924ರಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ ಹೋದರು, ನಂತರ ಪ್ಯಾರಿಸ್‌ನಲ್ಲೂ ಒಂದು ಆರ್ಕೆಸ್ಟ್ರಾ ನೋಡಿಕೊಂಡರು. ಅರವತ್ತಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಸಿಂಫನಿಯ ಹೊಣೆ ಹೊತ್ತರು. ದುಡ್ಡಿಲ್ಲದೆ ಮುಚ್ಚುವಂತಾಗಿದ್ದ ಆರ್ಕೆಸ್ಟ್ರಾ ಅದು. 1952ರವರೆಗೆ ಅಲ್ಲೇ ಇದ್ದರು.

ಹೆಂಡತಿಯ ಊರಾದ ಹ್ಯಾನ್‌ಕಾಕ್‌ನಲ್ಲಿ, ಅಮೆರಿಕದ ಮೇನ್ ರಾಜ್ಯದಲ್ಲಿ, ಕಂಡಕ್ಟರ್‌ಗಳಿಗಾಗಿ ಶಾಲೆ ನಡೆಸಿದರು. ಮುಂದೆ ಹೆಸರಾದ ಇಂಗ್ಲಿಷ್ ಕಂಡಕ್ಟರ್ ನೆವಿಲ್ ಮ್ಯಾರಿನರ್ ಅಲ್ಲಿ ಕಲಿತವರು. ಮೊಂತ್ಯೂ ಕೈ ಬೀಸಿ ಹಾರಾಡುವವರಲ್ಲ. ಕೋಲಿನ ಸಣ್ಣ ಚಲನೆ, ಕಣ್ಣಿನ ಸನ್ನೆ, ಅಷ್ಟೇ. ಕೋಲು ಆಡುವುದು ವಾದ್ಯಗಾರರಿಗಾಗಿ, ಹಿಂದೆ ಕೂತ ಜನರಿಗಾಗಿ ಅಲ್ಲ, ಅಲ್ವಾ?

1961ರಲ್ಲಿ ಲಂಡನ್ ಸಿಂಫನಿ ಅವರನ್ನು ಮುಖ್ಯ ಕಂಡಕ್ಟರ್ ಆಗಲು ಕರೆಯಿತು. ಆಗ ಅವರಿಗೆ 86. ಅವರು ಕೇಳಿದ್ದು 25 ವರ್ಷದ ಒಪ್ಪಂದ, ಸಿಕ್ಕಿತೂ ಕೂಡ. 1963ರ ಮೇ 29ರಂದು, ಆ ಗಲಾಟೆಗೆ ಸರಿಯಾಗಿ ಐವತ್ತು ವರ್ಷ ತುಂಬಿದ ದಿನ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅದೇ ಕೃತಿಯನ್ನು ಮತ್ತೆ ನಡೆಸಿದರು. ಸ್ಟ್ರಾವಿನ್‌ಸ್ಕಿಯೂ ಅಲ್ಲಿದ್ದರು. ಮರುವರ್ಷ ಜುಲೈ 1ರಂದು ಮೊಂತ್ಯೂ ಹ್ಯಾನ್‌ಕಾಕ್‌ನಲ್ಲಿ ತೀರಿಕೊಂಡರು.

ಕೇಳಬೇಕು ಅನಿಸಿದರೆ, ಮೇಷ್ಟ್ರೇ, ‘ರೈಟ್’ನಿಂದ ಶುರು ಮಾಡಬೇಡಿ. ಫ್ರೆಂಚ್ ಸಂಗೀತಕಾರ ರಾವೆಲ್‌ನ ಬ್ಯಾಲೆ ಸಂಗೀತ ‘ದಾಫ್ನಿಸ್ ಎ ಕ್ಲೋಯೆ’ ಕೇಳಿ. 1912ರಲ್ಲಿ ಅದನ್ನು ಮೊದಲು ನಡೆಸಿದವರೂ ಇವರೇ. 1959ರಲ್ಲಿ ಲಂಡನ್ ಸಿಂಫನಿ ಜೊತೆ ಮಾಡಿದ ಧ್ವನಿಮುದ್ರಣ ಈಗಲೂ ಸಿಗುತ್ತದೆ. ಅದರ ಮೂರನೇ ಭಾಗದ ಮೊದಲಲ್ಲಿ ಬೆಳಗಾಗುತ್ತದೆ. ಕೆಳದನಿಯ ತಂತಿವಾದ್ಯಗಳಿಂದ ರಾಗ ನಿಧಾನಕ್ಕೆ ಮೇಲೇಳುತ್ತದೆ. ಅಲ್ಲಿ ಒಂದು ಕ್ಷಣವೂ ಅವಸರವಿಲ್ಲ.