ಓದಿ ಸುಮ್ಮನಾದವರ ಲೆಕ್ಕ

ಚಿಂತಾಮಣಿಯ ನಿವೃತ್ತ ಪ್ರಾಧ್ಯಾಪಕರೊಬ್ಬರು ಬರೆದಿದ್ದಾರೆ: “ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಡ್ತಿ ಅರ್ಜಿಯಲ್ಲಿ ತನ್ನ ಪ್ರಬಂಧದ ಪಕ್ಕ ಒಂದು ಬಣ್ಣದ ಉಂಗುರ ಅಂಟಿಸಿದ್ದಾನೆ. ಆಲ್ಟ್‌ಮೆಟ್ರಿಕ್ ಅಂಕವಂತೆ. ಎಷ್ಟು ಜನ ಟ್ವೀಟ್ ಮಾಡಿದರು, ಎಷ್ಟು ಪತ್ರಿಕೆಗಳಲ್ಲಿ ಸುದ್ದಿ ಬಂತು ಅನ್ನುವ ಲೆಕ್ಕ. ಇನ್ನು ಮೇಲೆ ವಿದ್ವತ್ತನ್ನು ಲೈಕುಗಳಲ್ಲಿ ತೂಗುವುದೇ? ಇಂಪ್ಯಾಕ್ಟ್ ಫ್ಯಾಕ್ಟರ್ ಇರುವಾಗ ಈ ಹುಚ್ಚಾಟ ಯಾಕೆ?”

ಮೇಷ್ಟ್ರೇ, ನಿಮ್ಮ ಸಿಟ್ಟು ಪೂರಾ ಸುಳ್ಳಲ್ಲ. 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, ಮಕ್ಕಳಿಗೆ ದಡಾರ ಮೊದಲಾದವಕ್ಕೆ ಹಾಕುವ ಎಂಎಂಆರ್ ಲಸಿಕೆಗೂ ಆಟಿಸಂಗೂ ಗಂಟು ಹಾಕಿದ ಪ್ರಬಂಧವನ್ನು 2010ರಲ್ಲಿ ಪತ್ರಿಕೆಯೇ ಹಿಂದಕ್ಕೆ ಪಡೆಯಿತು. ಜಾಲತಾಣಗಳಲ್ಲಿ ಅದು ಇನ್ನೂ ತಿರುಗುತ್ತಲೇ ಇದೆ. ಸದ್ದನ್ನಷ್ಟೇ ಎಣಿಸಿದರೆ ಅದಕ್ಕೂ ಒಳ್ಳೆಯ ಅಂಕವೇ ಸಿಗುತ್ತದೆ. ಆದರೆ ಅದನ್ನು ವಿದ್ವಾಂಸರೂ ಸಾವಿರಕ್ಕಿಂತ ಹೆಚ್ಚು ಸಲ ಉಲ್ಲೇಖಿಸಿದ್ದಾರೆ, ಬಹುಪಾಲು ಅದು ತಪ್ಪೆಂದು ಹೇಳಲಿಕ್ಕೆ. ಉಲ್ಲೇಖ ಎಣಿಸುವ ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ನೀವು ನೆಚ್ಚಿದ ಯಂತ್ರಕ್ಕೂ ಬೈದದ್ದು, ಹೊಗಳಿದ್ದು ಎರಡೂ ಒಂದೇ.

ಆ ಯಂತ್ರದ ಹುಟ್ಟು ಎಲ್ಲಿ ಅಂತ ನಿಮ್ಮಂಥವರು ನೆನಪು ಮಾಡಿಕೊಳ್ಳಬೇಕು. ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಯಾವ ಪ್ರಬಂಧ ಯಾವುದನ್ನು ಉಲ್ಲೇಖಿಸಿದೆ ಎಂದು ಪಟ್ಟಿಮಾಡುವ ಸೂಚಿಯ ಯೋಚನೆ ಮುಂದಿಟ್ಟದ್ದು 1955ರಲ್ಲಿ. ಸೂಚಿಗೆ ಯಾವ ಪತ್ರಿಕೆಗಳನ್ನು ಸೇರಿಸಬೇಕೆಂದು ಆರಿಸಿಕೊಳ್ಳಲು ಇಂಪ್ಯಾಕ್ಟ್ ಫ್ಯಾಕ್ಟರ್ ಬಂತು. ಒಂದು ಪತ್ರಿಕೆ ಹಿಂದಿನ ಎರಡು ವರ್ಷ ಪ್ರಕಟಿಸಿದ ಪ್ರಬಂಧಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಪ್ರಬಂಧಗಳ ಸಂಖ್ಯೆಯಿಂದ ಭಾಗಿಸುವುದು, ಅಷ್ಟೇ. ಅದು ಪತ್ರಿಕೆಯ ಸರಾಸರಿ, ಬರೆದವನ ಯೋಗ್ಯತೆಯಲ್ಲ. ಹರಳುಗಳ ರಚನೆಯ ಅಧ್ಯಯನಕ್ಕೆ ಮೀಸಲಾದ ಆಕ್ಟಾ ಕ್ರಿಸ್ಟಲೋಗ್ರಾಫಿಕಾ-ಎ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ 2ರ ಆಸುಪಾಸಿನಲ್ಲಿತ್ತು. 2009ರಲ್ಲಿ ಏಕಾಏಕಿ 49 ದಾಟಿತು. ಹಿಂದಿನ ವರ್ಷ ಬಂದಿದ್ದ ಜಾರ್ಜ್ ಶೆಲ್ಡ್ರಿಕ್ ಅವರ ಒಂದೇ ಒಂದು ಪ್ರಬಂಧಕ್ಕೆ ಉಲ್ಲೇಖಗಳ ಸುರಿಮಳೆಯಾಗಿತ್ತು. ಆ ಪತ್ರಿಕೆಯಲ್ಲಿ ಬರೆದ ಉಳಿದವರೂ ಕೂತಲ್ಲೇ ದೊಡ್ಡವರಾದರು!

ನನ್ನ ತಕರಾರು ಇದಕ್ಕಿಂತ ಹಳೆಯದು. ಉಲ್ಲೇಖದ ಲೆಕ್ಕದಲ್ಲಿ ಓದುಗನೆಂದರೆ ತಾನೂ ಪ್ರಬಂಧ ಬರೆಯುವವನು ಮಾತ್ರ. ಓದಿ, ಕೆಲಸಕ್ಕೆ ಹಚ್ಚಿಕೊಂಡು, ಸುಮ್ಮನಾದವನಿಗೆ ಅಲ್ಲಿ ಜಾಗವಿಲ್ಲ. ಪತ್ರಿಕೆ ನಡೆಸುವವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಚಂದಾದಾರರಲ್ಲಿ ನಿಮ್ಮ ಹಾಗೆ ಕಾಗದ ಬರೆಯುವವರು ಬೆರಳೆಣಿಕೆ. ಮಿಕ್ಕವರು ಓದುವುದಿಲ್ಲವೆಂದು ನಾನು ನಂಬಿದ್ದರೆ ಎಂದೋ ಅಂಗಡಿ ಮುಚ್ಚುತ್ತಿದ್ದೆ.

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಮನೆಗೆ ಹೋಗಿ ನೋಡಿ. ಕಿಟಕಿಗೆ ನೈಲಾನ್ ಪರದೆ. ಊಜಿ ನೊಣ 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟು ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಬೆಳೆ ಹಾಳುಗೆಡವಿದಾಗ, ಅದರ ಜೀವನಚಕ್ರ ಹಿಡಿದು ಸಂಶೋಧಕರು ಬರೆದರು. ಊಜಿಯ ಕೋಶದಲ್ಲೇ ಮೊಟ್ಟೆಯಿಡುವ ಚಿಕ್ಕ ಕಣಜವನ್ನು ಬೆಳೆಸಿ ರೈತರಿಗೆ ಕೊಟ್ಟರು. ಆ ಬರಹದ ತಿರುಳು ಇಲಾಖೆಯವರ ಬಾಯಿಂದ, ಕರಪತ್ರದಿಂದ, ಪಕ್ಕದ ಮನೆಯವರಿಂದ ಹಳ್ಳಿ ಹಳ್ಳಿಗೆ ಹೋಯಿತು. ಪರದೆ ಕಟ್ಟಿದ ರೈತ ಅಡಿಟಿಪ್ಪಣಿ ಬರೆಯಲಿಲ್ಲ. ಬಾಗೇಪಲ್ಲಿ, ಪಾವಗಡದ ಕೊಳವೆಬಾವಿಗಳ ಫ್ಲೋರೈಡ್ ಕುರಿತು ಬಂದ ಪ್ರಬಂಧಗಳ ಕಥೆಯೂ ಅದೇ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದ ನೀರು ಎಲ್ಲಿದೆಯೆಂದು ನೋಡಿ ಶುದ್ಧ ನೀರಿನ ಘಟಕಕ್ಕೆ ಜಾಗ ಗುರುತಿಸುವ ಇಂಜಿನಿಯರ್ ಯಾವ ಜರ್ನಲ್ಲಿಗೆ ಬರೆಯುತ್ತಾನೆ, ಹೇಳಿ?

2010ರಲ್ಲಿ ಸಂಶೋಧಕ ಜೇಸನ್ ಪ್ರೀಮ್ ಮತ್ತು ಗೆಳೆಯರು, ಉಲ್ಲೇಖದಾಚೆಯ ಬಳಕೆಯನ್ನೂ ಎಣಿಸಬೇಕೆನ್ನುವ ಆಲ್ಟ್‌ಮೆಟ್ರಿಕ್ಸ್ ಪ್ರಣಾಳಿಕೆ ಹೊರಡಿಸಿದಾಗ ನನಗೆ ಹಿಡಿಸಿದ್ದು ಈ ಕಾರಣಕ್ಕೆ. ನಿಮ್ಮ ಶಿಷ್ಯನ ಉಂಗುರದಲ್ಲಿ ಟ್ವೀಟು ಒಂದು ಬಣ್ಣ ಮಾತ್ರ. ಸರ್ಕಾರಿ ನೀತಿ ದಾಖಲೆಗಳು, ವಿಕಿಪೀಡಿಯ, ಪೇಟೆಂಟು, ಸುದ್ದಿ ಪತ್ರಿಕೆ, ಎಲ್ಲಕ್ಕೂ ಒಂದೊಂದು ಬಣ್ಣ. ಸುದ್ದಿಗೆ ತೂಕ ಹೆಚ್ಚು, ಟ್ವೀಟಿಗೆ ತೀರಾ ಕಮ್ಮಿ. ಇದು ಗಮನದ ಅಳತೆ, ಗುಣದ್ದಲ್ಲ ಎಂದು ಅಂಕ ಕೊಡುವ ಕಂಪನಿಯೇ ಹೇಳುತ್ತದೆ. ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಬಡ್ತಿ ಕೊಡುವವರ ಬಾಯಲ್ಲಿ ಅಂಥ ಮಾತು ನಾನು ಕೇಳಿಲ್ಲ. ನೀವು ಅಂಕ ಬಿಟ್ಟು ಉಂಗುರದ ಒಳಗೆ ಏನಿದೆಯೆಂದು ಒತ್ತಿ ನೋಡಬೇಕಿತ್ತು. ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರು ಲಾಟಿಗೆ ಕೈ ಹಾಕಿ ಒಂದು ಹಿಡಿ ಎತ್ತಿ ನೋಡದೆ ಬೆಲೆ ಕಟ್ಟುತ್ತಾರೆಯೇ?

ಎಣಿಕೆಯ ಹುಚ್ಚು ನಮ್ಮ ಕಾಲೇಜುಗಳಿಗೆ ಹತ್ತಿದ್ದು ಟ್ವಿಟರ್‌ನಿಂದಲೂ ಅಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2010ರ ನಿಯಮ, ಪ್ರಕಟಣೆ ಮುಂತಾದವನ್ನು ಎಣಿಸಿ ಬಡ್ತಿಗೆ ಅಂಕ ಕೊಡುವ ಎಪಿಐ ಎಂಬ ಪಾಯಿಂಟು ಪದ್ಧತಿ ತಂದಿತು. ಬೆನ್ನಿಗೇ ದುಡ್ಡು ಕಟ್ಟಿದರೆ ವಾರದೊಳಗೆ ಪೇಪರ್ ಹಾಕಿಕೊಡುವ ಜರ್ನಲ್ಲುಗಳು ನಾಯಿಕೊಡೆಯಂತೆ ಎದ್ದವು. ಯುಜಿಸಿ ತಾನೇ ಒಪ್ಪಿದ್ದ ಪಟ್ಟಿಯಿಂದ 2018ರಲ್ಲಿ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ಆಮೇಲೆ ಒಪ್ಪಿಗೆಯ ಪತ್ರಿಕೆಗಳ ಹೊಸ ಪಟ್ಟಿಯಾಗಿ ಕೇರ್ ಪಟ್ಟಿ ಬಂತು, 2025ರಲ್ಲಿ ಅದನ್ನೂ ಕೈಬಿಟ್ಟರು. ಈ ಹೊತ್ತಿನಲ್ಲಿ ಒಂದು ಕಾಲೇಜಿನ ಕಿರಿಯ ಅಧ್ಯಾಪಕಿ ಕೆರೆಗಳ ಮೇಲೆ ಕನ್ನಡದಲ್ಲಿ ಬರೆದ ಒಳ್ಳೆಯ ಲೇಖನವನ್ನು ನಮಗೆ ಕೊಟ್ಟು, “ಸಾರ್, ಇದಕ್ಕೆ ಪಾಯಿಂಟು ಬರಲ್ಲ, ಹೆಸರು ಬೇಕಾದ್ರೆ ತೆಗೆದುಬಿಡಿ” ಅಂದರು. ಹೆಸರು ತೆಗೆಯಲಿಲ್ಲ, ದಪ್ಪಕ್ಷರದಲ್ಲೇ ಹಾಕಿದೆ.

ಆಲ್ಟ್‌ಮೆಟ್ರಿಕ್ ಎಂಬ ಹೊಸ ಯಂತ್ರದ ಮೇಲೆ ನನಗೆ ಸಿಟ್ಟಿದ್ದರೆ ಇಲ್ಲಿಯೇ. ಪ್ರಬಂಧಕ್ಕೆ ಅಂತರ್ಜಾಲದಲ್ಲಿ ಕೊಡುವ ಡಿಒಐ ಎಂಬ ಗುರುತು ಸಂಖ್ಯೆಯಿಲ್ಲದ ಬರಹ ಅದರ ಕಣ್ಣಿಗೆ ಬೀಳುವುದೇ ಕಷ್ಟ, ಕನ್ನಡದ ವಿದ್ವತ್ ಪತ್ರಿಕೆಗಳಲ್ಲಿ ಆ ಸಂಖ್ಯೆ ಇರುವವು ಎಷ್ಟು? ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಕೋಲಾರ ಸಂಪುಟ 1905ರದ್ದು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ, ಹಾಗಾಗಿ ನಮ್ಮ ಊರುಗಳ ಶಾಸನಗಳೂ ಅದರಲ್ಲೇ ಇವೆ. ಜೀರ್ಣೋದ್ಧಾರ ಸಮಿತಿಯವರು ಗುಡಿಯ ಗೋಡೆಗೆ ಬರೆಸುವ ಇತಿಹಾಸಕ್ಕೆ, ವೀರಗಲ್ಲಿನ ಕಾಲ ಕೇಳುವ ಹುಡುಗರ ತಕರಾರಿಗೆ, ಇವತ್ತಿಗೂ ಅದೇ ಆಧಾರ. ನೂರು ವರ್ಷ ದಾಟಿದ ಈ ಬಳಕೆಗೆ ಎರಡು ವರ್ಷದ ಇಂಪ್ಯಾಕ್ಟ್ ಫ್ಯಾಕ್ಟರ್ ಏನು ಹೇಳೀತು? ವಿಶ್ವವಿದ್ಯಾಲಯಗಳು ತಮ್ಮ ಕನ್ನಡ ಸಂಚಿಕೆಗಳನ್ನು ಉಗ್ರಾಣದಲ್ಲಿ ಗೆದ್ದಲಿಗೆ ಬಿಟ್ಟು, ಉಲ್ಲೇಖಗಳ ದತ್ತಸಂಚಯವಾದ ಸ್ಕೋಪಸ್‌ನ ಕಾರ್ಯಾಗಾರಕ್ಕೆ ಬ್ಯಾನರ್ ಕಟ್ಟುತ್ತವೆ.

ನಿಮ್ಮನ್ನು ಇನ್ನೂ ಆಯ್ಕೆ ಸಮಿತಿಗಳಿಗೆ ಕರೆಯುತ್ತಾರೆಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಮುಂದಿನ ಸಲ ಕೂತಾಗ ಅಂಕವನ್ನೂ ಫ್ಯಾಕ್ಟರನ್ನೂ ಪಕ್ಕಕ್ಕಿಟ್ಟು, ಎದುರು ಕೂತ ಅಭ್ಯರ್ಥಿಯನ್ನು “ಇದನ್ನು ಯಾರು ಬಳಸಿದರು?” ಎಂದು ಕೇಳಿ. ಅವರು ಏನೆಂದರು, ಸಮಿತಿಯ ಉಳಿದವರು ಏನೆಂದರು, ಎರಡನ್ನೂ ಬರೆದು ಕಳಿಸಿ. ಒಂದು ಪುಟ ಮೀಸಲಿಡುತ್ತೇನೆ.

– ಸಂ.