ಕೊರಿಯಾದಿಂದ ಶುರು ಮಾಡಿ

ಮಡಿಕೇರಿಯಲ್ಲಿ ಪಿಯುಸಿ ಓದುತ್ತಿದ್ದೀರಿ, 20ನೇ ಶತಮಾನ ಬರೀ ಯುದ್ಧ, ಒಪ್ಪಂದ, ಇಸವಿಗಳ ಪಟ್ಟಿ ಅನ್ನಿಸುತ್ತಿದೆ, ಎಲ್ಲಿಂದ ಹಿಡಿಯಲಿ ಅಂತ ಕೇಳಿದ್ದೀರಿ. ಕೊರಿಯಾ ಯುದ್ಧದಿಂದ ಹಿಡಿಯಿರಿ.

ಅದು ಶುರುವಾದದ್ದು 1950ರಲ್ಲಿ. ಒಂದು ಕಡೆ ಉತ್ತರ ಕೊರಿಯಾ ಮತ್ತು ಚೀನಾ, ಇನ್ನೊಂದು ಕಡೆ ದಕ್ಷಿಣ ಕೊರಿಯಾ ಮತ್ತು ಅಮೆರಿಕ ನೇತೃತ್ವದ ವಿಶ್ವಸಂಸ್ಥೆ ಪಡೆ. ಮರುವರ್ಷವೇ ಮಾತುಕತೆ ಆರಂಭವಾಯಿತು. ಆದರೆ ಕದನವಿರಾಮ ಆಗಿದ್ದು 1953ರ ಜುಲೈ 27ಕ್ಕೆ. ಯಾಕಿಷ್ಟು ತಡ? ಮುಖ್ಯ ಕಾರಣ ಯುದ್ಧಕೈದಿಗಳು. ಯುದ್ಧ ಮುಗಿದ ಮೇಲೆ ಕೈದಿಗಳನ್ನು ವಾಪಸ್ ಕಳಿಸಬೇಕು ಅನ್ನುತ್ತದೆ 1949ರ ಜಿನೀವಾ ಒಪ್ಪಂದ. ಆದರೆ ಸಾವಿರಾರು ಚೀನೀ ಮತ್ತು ಉತ್ತರ ಕೊರಿಯಾದ ಸೈನಿಕರು ನಾವು ಹೋಗುವುದಿಲ್ಲ ಅಂದರು. ಅವರನ್ನು ಬಲವಂತವಾಗಿ ಕಳಿಸಬಹುದಾ? ಈ ಜಗಳ ಎಳೆದಷ್ಟು ದಿನವೂ ರಣರಂಗದಲ್ಲಿ ಜನ ಸಾಯುತ್ತಲೇ ಇದ್ದರು. ನನ್ನನ್ನು ಜಾಸ್ತಿ ಕಾಡುವುದು ಇದೇ.

ಕೊನೆಗೆ ಇದಕ್ಕೆಂದೇ ಐದು ತಟಸ್ಥ ದೇಶಗಳ ಆಯೋಗ ಬಂತು. ಅದರ ಅಧ್ಯಕ್ಷರು ನಿಮ್ಮೂರಲ್ಲೇ ಹುಟ್ಟಿದ, ಭಾರತೀಯ ಸೇನೆಯ ಕೆ.ಎಸ್. ತಿಮ್ಮಯ್ಯನವರು! ಅವರ ಮನೆ ಸನ್ನಿ ಸೈಡ್ ಈಗ ಮ್ಯೂಸಿಯಂ. ಒಮ್ಮೆ ಹೋಗಿ ಬನ್ನಿ.

ಕೊರಿಯಾದಲ್ಲಿ ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. ಇದನ್ನು ಮೊದಲ ಮಹಾಯುದ್ಧದ ನಂತರದ 1919ರ ವರ್ಸೇಲ್ಸ್ ಒಪ್ಪಂದದ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಒಪ್ಪಂದ ಆಯಿತು, 20 ವರ್ಷಕ್ಕೆ ಮತ್ತೆ ಯುದ್ಧ ಬಂತು. ಏಕೆ ಅಂತ ನೀವೇ ಒಂದು ಪುಟ ಬರೆಯಿರಿ. ಇಸವಿಗಳು ಅದರ ಜೊತೆಗೇ ನೆನಪಾಗುತ್ತವೆ.